‘ಉಸಿರುಗೇಣಿ’ಯ ದುಷ್ಟರನ್ನು ಕೊಟ್ಟವರಿಗೆ

ನನ್ನ ಕಾದಂಬರಿ ‘ಉಸಿರುಗೇಣಿ’ಯ ಮೊದಲ ಮುದ್ರಣ ಖಾಲಿಯಾಯಿತು. ಎರಡನೆಯದು ಪ್ರೆಸ್ಸಿನಲ್ಲಿದೆ. ಬಾಹ್ಯಾಕಾಶದ ಕತೆ, ಅದೂ ಇಷ್ಟು ದಪ್ಪದ್ದು, ಕನ್ನಡದಲ್ಲಿ ಯಾರು ಓದ್ತಾರೆ ಅಂತ ಒಬ್ಬ ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ದರು. ನೀವು ಓದಿದಿರಿ. ಅದಕ್ಕೇ ಮೊದಲ ನಮಸ್ಕಾರ ನಿಮಗೆ.

ಓದದವರಿಗೆ ಕತೆ ಇಷ್ಟೇ: ಒಂದು ಸೂರ್ಯ, ಅದರ ಸುತ್ತ ಹನ್ನೊಂದು ನೆಲೆಗಳು. ಎಲ್ಲೂ ಗಾಳಿಯಿಲ್ಲ. ಮಂಜುಗಡ್ಡೆಯ ಗಣಿಗಳೆಲ್ಲ ಒಂದೇ ಮನೆತನದ ಕೈಯಲ್ಲಿವೆ. ಆ ಮಂಜಿನ ನೀರಿಗೆ ವಿದ್ಯುತ್ ಹರಿಸಿ ಆಮ್ಲಜನಕ ತೆಗೆಯುತ್ತಾರೆ. ಜನರಿಗೆ ಅದನ್ನು ಗೇಣಿ ಲೆಕ್ಕದಲ್ಲಿ ಕೊಡುತ್ತಾರೆ. ಬಾಕಿ ಉಳಿಸಿಕೊಂಡವರ ಕೊಳವೆ ಬಂದ್. ಒಂದು ದಿನ ಜನ ಏಳುತ್ತಾರೆ.

ನಿಮ್ಮ ಪತ್ರಗಳಲ್ಲಿ ಹೆಚ್ಚಿನವು ದಂಗೆ ಏಳುವ ಚೆನ್ನಿಯ ಬಗ್ಗೆ. ಸಂತೋಷ. ಆದರೆ ಚೆನ್ನಿಯನ್ನು ಬರೆಯೋದು ನನಗೆ ಅಷ್ಟೇನೂ ಕಷ್ಟ ಆಗಲಿಲ್ಲ. ನ್ಯಾಯ ಅವಳ ಕಡೆಗಿದೆ, ಓದುವವರೂ ಅವಳ ಕಡೆಗೇ ಇರುತ್ತಾರೆ. ನಿದ್ದೆ ಕೆಡಿಸಿದ್ದು ಆಳುವವರು. ಕಪ್ಪು ನಿಲುವಂಗಿ ತೊಟ್ಟು ಗಹಗಹಿಸುವ ಚಕ್ರವರ್ತಿ ನನಗೆ ಬೇಡವಾಗಿತ್ತು. ರಸೀದಿ ಕೊಡುವ ದುಷ್ಟ ಬೇಕಾಗಿತ್ತು. ಅಂಥವರನ್ನು ನನಗೆ ಕೊಟ್ಟದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಜನ. ಈ ಬರಹ ಹೆಚ್ಚಾಗಿ ಅವರಿಗೆ.

ಮೊದಲು ಸಾಗರದ ಹತ್ತಿರದ ಒಬ್ಬ ಅಜ್ಜ. 1951ರಲ್ಲಿ ಗೇಣಿ ರೈತರು ಜಮೀನಿನ ಒಡೆಯರ ವಿರುದ್ಧ ಕಾಗೋಡು ಸತ್ಯಾಗ್ರಹ ನಡೆಸಿದಾಗ ಅವರು ಚಿಕ್ಕ ಹುಡುಗ. ಅಪ್ಪ ಗೇಣಿ ಮಾಡುತ್ತಿದ್ದವರು. ರೈತರು ಜೈಲಿಗೆ ಹೋದದ್ದು, ರೈತ ನಾಯಕ ಎಚ್. ಗಣಪತಿಯಪ್ಪನವರ ಹೋರಾಟ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು, ಇದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ನಾನು ಅವರ ಹತ್ತಿರ ಹೋದದ್ದು ಒಡೆಯರು ಎಷ್ಟು ಕ್ರೂರಿಗಳಾಗಿದ್ದರು ಅಂತ ಕೇಳೋಕೆ. ಅಜ್ಜ ಎಲೆಯಡಿಕೆ ಹಾಕಿಕೊಂಡು ಹೇಳಿದ್ದು: “ಹೊಡೀತಿದ್ರು ಅಂತ ಬರೀಬೇಕು ಅಂತಿದೀಯಾ? ಹೊಡೆತ ಅಪರೂಪ ಮಾರಾಯ. ಅಳತೆ ಪ್ರತಿ ವರ್ಷ.”

ಆಮೇಲೆ ಕೊಳಗದ ಕತೆ ಹೇಳಿದರು. ಗೇಣಿ ಕೊಡುತ್ತಿದ್ದದ್ದು ಭತ್ತದಲ್ಲಿ. ಅಳೆದುಕೊಳ್ಳೋಕೆ ಒಡೆಯರ ಮನೆಯ ಕೊಳಗ. ಅದು ಸಾಮಾನ್ಯ ಕೊಳಗಕ್ಕಿಂತ ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಕೊಳಗಗಳ ಸಂಖ್ಯೆ ಸರಿಯಾಗೇ ಇರುತ್ತದೆ, ಭತ್ತ ಮಾತ್ರ ಜಾಸ್ತಿ ಹೋಗಿರುತ್ತದೆ. ಕಾಗೋಡಿನ ಜಗಳದಲ್ಲಿ ಈ ಅಳತೆಯೂ ಒಂದು ಮುಖ್ಯ ಕಾರಣ. ಅಜ್ಜನ ಸಿಟ್ಟು ಇವತ್ತಿಗೂ ಇರುವುದು ಮನುಷ್ಯರ ಮೇಲೆ ಅಲ್ಲ, ಆ ಕೊಳಗದ ಮೇಲೆ. 1974ರ ಭೂಸುಧಾರಣೆ ಕಾಯ್ದೆಯಿಂದ ಗದ್ದೆ ಹೆಸರಿಗೆ ಬಂದರೂ ಆ ಸಿಟ್ಟು ಇಳಿದಿಲ್ಲ.

ಅಲ್ಲಿಂದ ನನ್ನ ಪುಸ್ತಕದ ಮೀಟರ್ ಹುಟ್ಟಿತು. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಮನೆತನ ಕೊಡುವ ಸಿಲಿಂಡರಿನ ಮುಳ್ಳು 840 ಅಂತಲೇ ತೋರಿಸುತ್ತದೆ. ಒಳಗಿರೋದು 700. ಯಾರೂ ತಕ್ಷಣ ಸಾಯುವುದಿಲ್ಲ. ತಲೆನೋವು, ಸುಸ್ತು, ಕೆಲಸ ನಿಧಾನ. ಆಗ ಅರಮನೆಯವರು “ಈ ಜನ ಸೋಂಬೇರಿಗಳು” ಅನ್ನುತ್ತಾರೆ. ಈ ಭಾಗ ಓದಿ ಹೇಳಿದಾಗ ಅಜ್ಜ ಜೋರಾಗಿ ನಕ್ಕರು. “ನಮಗೂ ಅದೇ ಹೆಸರು ಇಟ್ಟಿದ್ರು.” ಅಜ್ಜ, ನಿಮಗೆ ಪುಸ್ತಕದ ಪ್ರತಿ ಕೊಟ್ಟದ್ದು ಸಾಲದು. ಅರ್ಧ ಪುಸ್ತಕ ನಿಮ್ಮದೇ.

ಶಿವಮೊಗ್ಗದ ನಿವೃತ್ತ ಭೌತಶಾಸ್ತ್ರ ಮೇಷ್ಟ್ರಿಗೆ ನಮಸ್ಕಾರ. ಪ್ರತಿ ಅಧ್ಯಾಯಕ್ಕೂ ಕೆಂಪು ಶಾಯಿಯಲ್ಲಿ ಗೀಚಿದರು. ಸೂರ್ಯನಿಂದ ನೆಪ್ಚೂನಿಗೆ ಹೋಗೋಕೆ ಬೆಳಕಿಗೇ ಸುಮಾರು 4 ಗಂಟೆ ಬೇಕು, ನಿಮ್ಮ ಅರಮನೆಯ ಅಪ್ಪಣೆ ಅದಕ್ಕಿಂತ ಬೇಗ ಹೇಗೆ ಹೋಗ್ತದೆ ಅಂತ ಕೇಳಿದವರು ಅವರು. ಆ ಒಂದು ಪ್ರಶ್ನೆಯಿಂದ ಪೇಷ್ಕಾರ, ಅಂದರೆ ಅರಮನೆಯ ಸ್ಥಳೀಯ ಅಧಿಕಾರಿ, ಬಂದ. ಅರಮನೆಗೆ ಸುದ್ದಿ ಮುಟ್ಟಿ ಉತ್ತರ ಬರುವಷ್ಟರಲ್ಲಿ ಇಡೀ ದಿನವೇ ಹೋಗುತ್ತದೆ ಅಂದಮೇಲೆ, ದೂರದ ನೆಲೆಯಲ್ಲಿ ಪೇಷ್ಕಾರನೇ ರಾಜ. ನನ್ನ ಪ್ರಕಾರ ಪುಸ್ತಕದ ನಿಜವಾದ ಖಳ ಅವನೇ, ಸಿಂಹಾಸನದ ಮೇಲೆ ಕೂತವನಲ್ಲ. ನೌಕೆಗಳು ಸಿಡಿಯುವಾಗ ಸದ್ದೇ ಇಲ್ಲ ಅಂತ ಬೇಜಾರು ಮಾಡಿಕೊಂಡ ಹುಡುಗರು ಮೇಷ್ಟ್ರನ್ನೇ ಕೇಳಿ. ನಿರ್ವಾತದಲ್ಲಿ ಶಬ್ದ ಹರಿಯೋದಿಲ್ಲ ಅಂತ ಹಠ ಹಿಡಿದದ್ದು ಅವರು.

ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಕರೆದುಕೊಂಡು ಹೋದ ಗೆಳೆಯನಿಗೆ ಥ್ಯಾಂಕ್ಸ್. 1942ರಲ್ಲಿ ಆ ಊರು ತನ್ನನ್ನು ತಾನೇ ಸ್ವತಂತ್ರ ಅಂತ ಸಾರಿಕೊಂಡಿತ್ತು. ಚಿಕ್ಕ ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಅಂತ ಕೂರಿಸಿದ್ದರು. ಮರುವರ್ಷ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಪುಸ್ತಕದ ಒಂಬತ್ತನೇ ನೆಲೆಯಲ್ಲಿ ಹತ್ತು ವರ್ಷದ ಹುಡುಗ ಅಮಲ್ದಾರನಾಗುವ ಭಾಗ “ಸ್ವಲ್ಪ ಅತಿಯಾಯ್ತು, ನಂಬೋಕಾಗಲ್ಲ” ಅಂತ ಒಬ್ಬರು ಬರೆದಿದ್ದಾರೆ. ನಾನು ಕಲ್ಪನೆಯಿಂದ ಕಟ್ಟದೆ ಬರೆದದ್ದು ಅದನ್ನೇ, ಸ್ವಾಮಿ.

ಇನ್ನು ತೀರ್ಥಹಳ್ಳಿ ಕಡೆಯ ಅರ್ಥಧಾರಿ ದಂಪತಿ. ದಂಪತಿ ಅಂತ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ. ತಾಳಮದ್ದಳೆಯಲ್ಲಿ, ಅಂದರೆ ಅರ್ಥಧಾರಿಗಳು ವೇಷವಿಲ್ಲದೆ ಕೂತು ಪಾತ್ರದ ಮಾತನ್ನಷ್ಟೇ ಆಡುವ ಯಕ್ಷಗಾನದಲ್ಲಿ, ಯಜಮಾನರ ಕೌರವನನ್ನು ಕೇಳಿದವರು ಮನೆಗೆ ಹೋಗುವಾಗ ಪಾಂಡವರ ಮೇಲೆ ಅನುಮಾನ ಪಡುತ್ತಾರೆ, ಅಂಥ ಮಾತುಗಾರರು. ನಮ್ಮ ಪುಸ್ತಕದ ದೊರೆ ಮಂಡಲೇಶ್ವರನಿಗೆ ಮಾತು ಹುಟ್ಟುತ್ತಿಲ್ಲ ಅಂತ ಅವರ ಹತ್ತಿರ ಹೋದೆ. ಹೊರಗೆ ಮಳೆ. ಭಾಗವತರಿಲ್ಲ, ಮದ್ದಳೆಯಿಲ್ಲ. ಜಗಲಿಯಲ್ಲಿ ಎದುರಾಬದುರು ಕೂತೆವು. “ನೀನು ಚೆನ್ನಿ, ನಾನು ಮಂಡಲೇಶ್ವರ. ಶುರು ಮಾಡು” ಅಂದರು.

ನಾನು ಕೇಳಿದೆ: “ಉಸಿರಿಗೆ ಬೆಲೆ ಕಟ್ಟೋಕೆ ನೀನು ಯಾರು?”

ಅವರು ಕಾಲು ಮಡಚಿ, ಶಾಂತವಾಗಿ ಹೇಳಿದರು: “ಮಗಳೇ, ನಿನ್ನ ಅಜ್ಜನನ್ನು ಈ ಬರಡು ಕಲ್ಲಿಗೆ ಕರೆತಂದವರು ನಾವು. ಮೊದಲ ಮಂಜು ಒಡೆಸಿದವರು ನಾವು. ನೀನು ಹುಟ್ಟಿದಾಗ ಎಳೆದ ಮೊದಲ ಉಸಿರಿಗೆ ನಾವು ಗೇಣಿ ಕೇಳಿದೆವೇ? ಅದು ನಮ್ಮ ಉಡುಗೊರೆ. ಲೆಕ್ಕ ಎರಡನೆಯದರಿಂದ.”

ನನಗೆ ಬಾಯಿ ಕಟ್ಟಿತು. ಎಷ್ಟು ಯೋಚಿಸಿದರೂ ಎದುರು ಮಾತು ಬರಲಿಲ್ಲ. ಅಷ್ಟರಲ್ಲಿ ಒಳಗೆ ದೋಸೆ ಹೊಯ್ಯುತ್ತಿದ್ದ ಅವರ ಹೆಂಡತಿ ಬಾಗಿಲಿಗೆ ಬಂದು, ಸಟ್ಟುಗ ಹಿಡಿದೇ ಕೇಳಿದರು: “ಒಡೆಸಿದ್ದು ನೀವು, ಸರಿ. ಒಡೆದದ್ದು ಯಾರು? ಅವರ ಕೂಲಿ ಚುಕ್ತಾ ಆಯ್ತಾ?”

ಮಂಡಲೇಶ್ವರರು ಸೋತರು. ಈ ಮಾತುಕತೆ ಪುಸ್ತಕದಲ್ಲಿ ಹಾಗೇ ಇದೆ, ಇಬ್ಬರ ಒಪ್ಪಿಗೆ ಪಡೆದೇ ಹಾಕಿದ್ದು. ಎಷ್ಟೋ ಜನ ಹೊಗಳಿ ಕಳಿಸಿದ ಸಾಲುಗಳು ಇವೇ. ಹೊಗಳಿಕೆಯನ್ನೆಲ್ಲ ಅವರ ಮನೆಗೆ ಮುಟ್ಟಿಸಿದ್ದೇನೆ.

ನಡುವೆ ಒಂದು ಮಳೆಗಾಲ ಅಮ್ಮ ಆಸ್ಪತ್ರೆ ಸೇರಿದರು. ಮೂಗಿಗೆ ಆಕ್ಸಿಜನ್. ಬರವಣಿಗೆ ಪೂರ್ತಿ ನಿಂತಿತು. ಉಸಿರು ಮಾರುವವರ ಕತೆಗೆ ಮತ್ತೆ ಕೈ ಹಾಕೋಕೆ ಮನಸ್ಸೇ ಬರಲಿಲ್ಲ. ರಾತ್ರಿ ಪಾಳಿಯ ನರ್ಸ್ ಒಬ್ಬರು ಫ್ಲೋಮೀಟರಿನ ಗುಂಡು ಎಲ್ಲಿ ನಿಲ್ಲಬೇಕು ಅಂತ ನನಗೆ ತೋರಿಸಿಕೊಟ್ಟು, “ಹೆದರ್ಬೇಡಿ, ನಾನಿದೀನಿ, ಮಲಗಿ” ಅಂದರು. ಅವರಿಗೆ ಈ ಪುಸ್ತಕದ ವಿಷಯ ಗೊತ್ತಿಲ್ಲ. ಗೊತ್ತಾಗಲಿ ಅಂತ ಇಲ್ಲಿ ಬರೆದೆ. ಅಮ್ಮ ಈಗ ಚೆನ್ನಾಗಿದ್ದಾರೆ. ಪುಸ್ತಕ ಭಾರ, ಮಲಗಿಕೊಂಡು ಓದೋಕಾಗಲ್ಲ ಅಂತ ಬೈಯುತ್ತಾರೆ.

ಕರೆಂಟ್ ಹೋದಾಗಲೂ ಫೈಲ್ ಕಳೆಯದಂತೆ ಕಾಪಾಡಿದ ಡಿಟಿಪಿ ಹುಡುಗಿಗೆ, ಸಾಲಕ್ಕೆ ಕಾಗದ ಕೊಟ್ಟ ಪ್ರೆಸ್ಸಿನವರಿಗೆ, ಅಡಿಕೆ ಕೊಯ್ಲಿನ ನಡುವೆಯೂ ಪ್ರೂಫ್ ನೋಡಿದ ನನ್ನ ಹೆಂಡತಿಗೆ ಋಣಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಬಿಟ್ಟುಕೊಟ್ಟ ಕುಟುಂಬದ ಅಕ್ಕ ಒಬ್ಬರು ಕಾರ್ಡ್ ಬರೆದಿದ್ದರು. “ವಿದ್ಯುತ್ ಕಳಿಸಿ ತಾವು ಕತ್ತಲಲ್ಲಿರುವ ನಾಲ್ಕನೇ ನೆಲೆಯವರು ನಾವೇ ಅಲ್ವಾ?” ಹೌದಕ್ಕ, ನೀವೇ.

ಎರಡನೇ ಮುದ್ರಣ ಬಂದ ಮೇಲೆ ಆ ಜಗಲಿಯ ಭಾಗವನ್ನು ಸಾಗರದಲ್ಲಿ ತಾಳಮದ್ದಳೆಯಾಗಿಯೇ ಮಾಡುವ ಯೋಚನೆಯಿದೆ. ಮಂಡಲೇಶ್ವರ ಆ ತೀರ್ಥಹಳ್ಳಿಯ ಅರ್ಥಧಾರಿಯವರೇ. ಚೆನ್ನಿಯ ಅರ್ಥ ಹೇಳೋಕೆ ಅವರ ಮನೆಯವರನ್ನು ಒಪ್ಪಿಸುವ ಕೆಲಸ ಇನ್ನೂ ನಡೀತಿದೆ. ಪದ್ಯ ಬರೆಯುವವರು ಬೇಕು. ಭಾಮಿನಿ, ವಾರ್ಧಕ ಕೈಹಿಡಿದವರು ಯಾರಾದರೂ ಇದ್ದರೆ ತಿಳಿಸಿ. ಆಕ್ಸಿಜನ್ ಸಿಲಿಂಡರನ್ನು ಷಟ್ಪದಿಯಲ್ಲಿ ಕೂರಿಸುವ ತಲೆನೋವು ನಿಮ್ಮದು, ಊಟದ ಖರ್ಚು ನನ್ನದು.