ಕಪಾಟು ಮತ್ತು ಗೋಡೆ ನಡುವಿನ ಸಂದಿಗೆ ಪುಟ್ಟಿ ಮೆತ್ತಿ ಹೋದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು,
ನಮ್ಮ ಮನೆಯ ಇಂಟೀರಿಯರ್ ಕೆಲಸ ಮಾಡಿದ ಸಂಸ್ಥೆ, ಮಂಗಳೂರು

ವಿಷಯ: ಅಡುಗೆಮನೆ ಮತ್ತು ವಾರ್ಡ್‌ರೋಬ್‌ಗಳ ಅಂಚಿನ ಸಂದುಗಳನ್ನು ಸರಿಯಾಗಿ ಮುಚ್ಚಿಕೊಡುವ ಬಗ್ಗೆ

ಮಾನ್ಯರೇ,

ಕಳೆದ ಬೇಸಿಗೆಯಲ್ಲಿ ನೀವು ನಮ್ಮ ಫ್ಲ್ಯಾಟ್‌ನ ಅಡುಗೆಮನೆ ಮತ್ತು ಎರಡು ವಾರ್ಡ್‌ರೋಬ್ ಮಾಡಿಕೊಟ್ಟಿರಿ. ಬಾಗಿಲುಗಳು ಚೆನ್ನಾಗಿ ಮುಚ್ಚುತ್ತವೆ, ಡ್ರಾಯರ್‌ಗಳು ಸದ್ದಿಲ್ಲದೆ ಒಳಗೆ ಹೋಗುತ್ತವೆ. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಕಪಾಟು ಮುಗಿದು ಗೋಡೆ ಶುರುವಾಗುವ ಕಡೆ.

ಸಂದು ಬಂದದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಾವ ಮನೆಯ ಗೋಡೆಯೂ ತೂಗುಗುಂಡು ಬಿಟ್ಟ ಹಾಗೆ ನೇರ ಇರುವುದಿಲ್ಲ. ನೇರವಾಗಿರುವುದು ಮೆಷಿನ್‌ನಲ್ಲಿ ಕೊಯ್ದ ಪೆಟ್ಟಿಗೆ ಮಾತ್ರ. ಅದಕ್ಕೇ ನಿಮ್ಮ ಕೊಟೇಶನ್‌ನಲ್ಲಿ ‘ಫಿಲ್ಲರ್ ಮತ್ತು ಸೀಲಿಂಗ್’ (ಸಂದಿಗೆ ಪಟ್ಟಿ ಕೂರಿಸಿ ಅಂಚು ಮುಚ್ಚುವ ಕೆಲಸ) ಎಂಬ ಸಾಲು ಬೇರೆಯಾಗಿಯೇ ಇದೆ, ಅದಕ್ಕೆ ದುಡ್ಡೂ ಕೊಟ್ಟಿದ್ದೇನೆ.

ಆದರೆ ನಿಮ್ಮವರು ಎಲ್ಲ ಸಂದಿಗೂ ಗೋಡೆ ಪುಟ್ಟಿ ಮೆತ್ತಿ, ಮೇಲೆ ಬಿಳಿ ಪೇಂಟ್ ಎಳೆದು ಹೋದರು. ಬೀಗ ಕೊಟ್ಟ ದಿನ ಎಲ್ಲ ಚಂದ ಕಂಡಿತು. ಮಲಗುವ ಕೋಣೆಯ ವಾರ್ಡ್‌ರೋಬ್ ಪಕ್ಕದ ಸಂದು ಮೇಲೆ ಗೆರೆಯಷ್ಟಿದೆ, ನೆಲದ ಹತ್ತಿರ 14 ಮಿ.ಮೀ. ಆಗಿದೆ. ಇಲ್ಲಿ ಫಿಲ್ಲರ್ ಪಟ್ಟಿಯೇ ಇಲ್ಲ. ಮಳೆ ಹಿಡಿದ ಮೇಲೆ ಪುಟ್ಟಿ ಬಿರುಕು ಬಿಟ್ಟು ಉದುರಿತು. ಒಳಗಿನಿಂದ ಮಡಚಿ ತುರುಕಿದ ಹಳೇ ಪೇಪರ್ ಇಣುಕಿತು! ಫಿಲ್ಲರ್ ಅಂದರೆ ಇದೇನಾ?

ಪುಟ್ಟಿ ಒಣಗಿದರೆ ಕಲ್ಲಿನಂತೆ ಗಟ್ಟಿ. ಮರದ ಹಲಗೆ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಸ್ವಲ್ಪ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಗೋಡೆ ಅದರ ಜೊತೆ ಅಲುಗಾಡುವುದಿಲ್ಲ. ಎರಡರ ನಡುವೆ ಹಿಗ್ಗಿ ಕುಗ್ಗುವಂಥದ್ದೇ ಬೇಕು. ಇದು ನಿಮ್ಮ ಕಸುಬು, ನಾನು ನಿಮಗೆ ಹೇಳಿಕೊಡಬೇಕಾಗಿರಲಿಲ್ಲ.

ಸಿಂಕ್ ಹಿಂದಿನ ಸಂದು ಇನ್ನೂ ಕೆಟ್ಟದ್ದು. ಗ್ರಾನೈಟ್ ಕಟ್ಟೆ ಗೋಡೆ ಟೈಲ್ಸ್‌ಗೆ ತಾಗುವ ಜಾಗದಲ್ಲೂ ಪುಟ್ಟಿಯೇ. ಪಾತ್ರೆ ತೊಳೆದ ನೀರು ಅಲ್ಲಿಂದ ಇಳಿದು ಕೆಳಗಿನ ಕಪಾಟಿನ ಬೆನ್ನಿಗೆ ಹೋಗುತ್ತಿದೆ. ಪೆಟ್ಟಿಗೆ ಐಎಸ್ 710 ದರ್ಜೆಯ ಮರೈನ್ ಪ್ಲೈವುಡ್, ನೀರು ತಡೆದುಕೊಳ್ಳುತ್ತದೆ ಎಂದಿರಿ, ಒಪ್ಪೋಣ. ಹಿಂದಿನ ಹಲಗೆ ಎಂಡಿಎಫ್, ಮರದ ನಾರು ಒತ್ತಿ ಮಾಡಿದ್ದು, ಅಲ್ವಾ? ಅದರ ಕೆಳ ಅಂಚು ಈಗಾಗಲೇ ಊದಿಕೊಂಡಿದೆ. ಒಳಗೆ ಮುಗ್ಗಲು ವಾಸನೆ. ಜಿರಳೆಗಳಿಗೂ ದಾರಿ ಸಿಕ್ಕಿದೆ.

ದೂರು ಕೊಟ್ಟಾಗ ನಿಮ್ಮ ಸೂಪರ್‌ವೈಸರ್ ಹೇಳಿದ್ದು, “ಕರಾವಳಿ ಹವೆ ಅಲ್ವಾ ಮೇಡಂ, ಇಲ್ಲಿ ಹೀಗೇ.” ಮಂಗಳೂರಿನಲ್ಲಿ ಮಳೆ ಬರುತ್ತದೆ ಅನ್ನುವುದು ಮಂಗಳೂರಿನಲ್ಲೇ ಅಂಗಡಿ ಇಟ್ಟವರಿಗೆ ಹೊಸ ಸುದ್ದಿಯೇ? ಆಮೇಲೆ ಒಬ್ಬ ಹುಡುಗನನ್ನು ಕಳಿಸಿದಿರಿ. ಅವನು ಹಳೇ ಪುಟ್ಟಿ ಕೆರೆಯದೆ, ಧೂಳೂ ಒರೆಸದೆ, ಅದರ ಮೇಲೆಯೇ ಸಿಲಿಕೋನ್ ಎಳೆದ. ಉದುರುವ ಪುಟ್ಟಿಗೆ ಅಂಟಿದ ಸಿಲಿಕೋನ್ ಪುಟ್ಟಿಯ ಜೊತೆಗೇ ಎದ್ದು ಬಂತು. ಸಿಲಿಕೋನ್ ಮೇಲೆ ಪೇಂಟ್ ನಿಲ್ಲುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಪಾಪ, ಅವನನ್ನು ಬೈದು ಏನು ಉಪಯೋಗ? ಕೆಲಸ ಕಲಿಸದೆ ಕಳಿಸಿದ್ದು ನೀವು.

ಈಗ ನನಗೆ ಬೇಕಾದದ್ದು ಇಷ್ಟು. ಸಿಂಕ್ ಹತ್ತಿರ ಹಳೆಯದನ್ನೆಲ್ಲ ಪೂರ್ತಿ ತೆಗೆದು, ಜಾಗ ಒಣಗಿದ ಮೇಲೆ, ಬೂಷ್ಟು ಹಿಡಿಯದ ನ್ಯೂಟ್ರಲ್ ಸಿಲಿಕೋನ್ ಹಾಕಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬ್ ಬೇಡ, ಅದು ಕಲ್ಲಿಗೂ ಲೋಹಕ್ಕೂ ಒಳ್ಳೆಯದಲ್ಲ. ಹಾಕಿದ ಮೇಲೆ 24 ಗಂಟೆ ಅಲ್ಲಿ ನೀರು ಬೀಳದಂತೆ ನಾವು ನೋಡಿಕೊಳ್ಳುತ್ತೇವೆ. ಊದಿದ ಹಿಂಬದಿ ಹಲಗೆ ಬದಲಾಗಬೇಕು. ವಾರ್ಡ್‌ರೋಬ್ ಪಕ್ಕಕ್ಕೆ ಅದೇ ಲ್ಯಾಮಿನೇಟ್‌ನ ಫಿಲ್ಲರ್ ಪಟ್ಟಿಯನ್ನು ಗೋಡೆಯ ಅಂಕುಡೊಂಕು ಗುರುತು ಮಾಡಿಕೊಂಡು, ಅದಕ್ಕೆ ತಕ್ಕಂತೆ ಕೊಯ್ದು ಕೂರಿಸಿ. ಆಮೇಲೂ ಉಳಿಯುವ ತೆಳು ಗೆರೆಗೆ ಪೇಂಟ್ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಸಾಕು. ಲಾಫ್ಟ್ ಮೇಲೆ ಪಟ್ಟಿ ಕೂರದ ಅಗಲದ ಸಂದಿದೆ. ಅಲ್ಲಿ ಮೊದಲು ಫೋಮ್ ದಾರ ತುರುಕಿ, ಮೇಲೆ ಸೀಲೆಂಟ್ ಹಾಕಿ. ಆಗ ಅದು ಎರಡು ಬದಿಗೆ ಮಾತ್ರ ಅಂಟಿ, ಎಳೆದಾಗ ಹಿಗ್ಗುತ್ತದೆ. ಸುಮ್ನೆ ಟ್ಯೂಬ್ ಮೇಲೆ ಟ್ಯೂಬ್ ಸುರಿದರೆ ಮತ್ತೆ ಬಿರುಕೇ.

ಇದಕ್ಕೆ ನಾನು ಒಂದು ರೂಪಾಯಿಯೂ ಜಾಸ್ತಿ ಕೊಡುವುದಿಲ್ಲ. ವಾರಂಟಿ ಬಾಗಿಲಿನ ಹಿಂಜ್, ಡ್ರಾಯರ್‌ನ ಚಾನೆಲ್‌ಗೆ ಮಾತ್ರ ಎಂದು ನಿಮ್ಮ ಕಚೇರಿಯವರು ಹೇಳಿದರು. ನಾನು ಕೇಳುತ್ತಿರುವುದು ವಾರಂಟಿಯನ್ನಲ್ಲ, ದುಡ್ಡು ಕೊಟ್ಟ ಕೆಲಸವನ್ನು. 15 ದಿನದೊಳಗೆ ಕೆಲಸ ಶುರುವಾಗದಿದ್ದರೆ ಮೊದಲು 1915 ಗ್ರಾಹಕ ಸಹಾಯವಾಣಿಗೆ, ನಂತರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಸೇವಾ ನ್ಯೂನತೆ ಎನ್ನುತ್ತಾರೆ. ದೂರು ಕೊಡಲು 2 ವರ್ಷ ಸಮಯವಿದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಬಿಲ್, ಕೊಟೇಶನ್ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ಪೇಪರ್ ಇಣುಕುವ ಫೋಟೋ ಮೂರನೆಯದು. ಬರುವ ಹಿಂದಿನ ದಿನ ಫೋನ್ ಮಾಡಿ, ವಾರ್ಡ್‌ರೋಬ್ ಖಾಲಿ ಮಾಡಿಡುತ್ತೇನೆ. ಈ ಸಲ ಕೆಲಸ ಬಲ್ಲ ಕಾರ್ಪೆಂಟರ್ ಬರಲಿ.

ಇಂತಿ,
ನಿಮ್ಮ ಗ್ರಾಹಕಿ