ಆ ಮಂಡ್ಯದ ಮೇಷ್ಟ್ರು ನೀನೇನಾ?

ಪುಟ್ಟಿ,

ನೀನು ಏಳುವ ಹೊತ್ತಿಗೆ ನಾನು ಪ್ರೆಸ್‌ಗೆ ಹೋಗಿರುತ್ತೇನೆ. ರಾತ್ರಿ ಜಗಳ ಆಡಿಕೊಂಡೇ ಮಲಗಿದೆವಲ್ಲ, ನನಗಂತೂ ನಿದ್ದೆ ಹತ್ತಲಿಲ್ಲ. ಎದ್ದು ಇದನ್ನು ಬರೆಯುತ್ತಿದ್ದೇನೆ. ಹಾಳೆ ತಿರುಗಿಸಿ ನೋಡಿ ನಗಬೇಡ. ಹಿಂದೆ ಯಾರದೋ ಗೃಹಪ್ರವೇಶದ ಆಮಂತ್ರಣ ಇದೆ. ಬಣ್ಣ ಸರಿಯಾಗಿ ಕೂರದೆ ಉಳಿದ ಹಾಳೆಗಳು.

ಹೋದ ವಾರ ಊಟಕ್ಕೆ ಕೂತಾಗ ಕೇಳಿದೆ, "ಅಪ್ಪ, ಮಂಡ್ಯ ಕಡೆ ಮೇಷ್ಟ್ರು ಸಿಟ್ಟು ಬಂದ್ರೆ ಕಣ್ಲಾ ಅಂತಾರಾ?" ಅಂತ. ನಾನು ಮದ್ದೂರಿನವನು, ಹಿಗ್ಗಿ ಹೋದೆ. ಮಗಳಿಗೆ ನಮ್ಮ ಕಡೆಯ ಮಾತಿನ ಮೇಲೆ ಪ್ರೀತಿ ಬಂತು ಅಂದುಕೊಂಡೆ. "ಕಣ್ಲಾ ಅನ್ನೋದು ಜೊತೆಗಾರರಿಗೆ. ಮೇಷ್ಟ್ರಾದ್ರೆ ಕಣಪ್ಪಾ ಅಂತಾರೆ" ಅಂತ ತಿದ್ದಿ ಬೇರೆ ಕೊಟ್ಟೆ. ಆ ಮೇಷ್ಟ್ರು ನಿನ್ನ ಆಫೀಸಿನ ಫೋನಿನಲ್ಲಿದ್ದಾರೆ ಅಂತ ಗೊತ್ತಾದದ್ದು ನಿನ್ನೆ ರಾತ್ರಿ. ನಿವೃತ್ತ ಶಿಕ್ಷಕರು, 62 ವರ್ಷ, ಪ್ರೊಫೈಲಿನಲ್ಲಿ ತೆಂಗಿನ ತೋಟ. ಅವರ ಜೊತೆಗೆ ದಾವಣಗೆರೆಯ ಜಿಮ್ ಹುಡುಗ, ಹಾವೇರಿಯ ಗೃಹಿಣಿ, ರಾಜಾಜಿನಗರದ ಆಟೋ ಡ್ರೈವರ್. ಪಾರ್ಟಿಯ ಪರ ಪೋಸ್ಟ್ ಹಾಕಲು ಮಾಡಿದ ನಕಲಿ ಅಕೌಂಟುಗಳು, ಒಟ್ಟು ಹನ್ನೆರಡು ಜನ. ಹನ್ನೆರಡೂ ನೀನೇ.

"ಇದು ಬರೀ ಕಂಟೆಂಟ್ ಕೆಲಸ ಅಪ್ಪ" ಅಂದೆ. ಆಮೇಲೆ ಇನ್ನೊಂದು ಮಾತು ಹೇಳಿದೆ. "ನೀನೂ ಎಲ್ಲಾ ಪಾರ್ಟಿಯವರ ಕರಪತ್ರ ಹಾಕಿ ದುಡ್ಡು ತಗೊಂಡಿಲ್ವಾ? ನನ್ನ ಫೀಸು ಕಟ್ಟಿದ್ದು ಅದರಲ್ಲೇ ಅಲ್ವಾ?" ಮಾತು ಸರಿಯಾಗಿತ್ತು. ನಾನು ತಟ್ಟೆ ಬಿಟ್ಟು ಎದ್ದದ್ದು ಅದಕ್ಕೇ.

ಹೌದು, ಹಾಕಿದ್ದೇನೆ. ಬೆಳಿಗ್ಗೆ ಒಬ್ಬರದು, ಮಧ್ಯಾಹ್ನ ಇಂಕ್ ಬದಲಿಸಿ ಅವರ ಎದುರಾಳಿಯದು. ಆದರೆ ಹಾಳೆಯ ಕೆಳಗೆ ಇರುವೆ ಸಾಲಿನಂಥ ಒಂದು ಸಾಲು ಇರುತ್ತಿತ್ತು. ಮುದ್ರಕರು ಯಾರು, ಪ್ರಕಾಶಕರು ಯಾರು, ಅವರ ವಿಳಾಸ ಏನು. 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಅದು. ಹೆಸರು ಹಾಕಿದರಷ್ಟೇ ಸಾಲದು. ಅಚ್ಚು ಹಾಕಿಸುವವನು ಸಹಿ ಮಾಡಿ ಘೋಷಣೆ ಬರೆದುಕೊಡಬೇಕು. ಅವನನ್ನು ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಅದರ ಒಂದು ಪ್ರತಿ, ಕರಪತ್ರದ ಒಂದು ಪ್ರತಿ, ಎರಡೂ ಮುಖ್ಯ ಚುನಾವಣಾಧಿಕಾರಿಗೆ ಹೋಗಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಳೆ ತುಂಬ ಬೈಗುಳವೇ ಇದ್ದರೂ ಬೈದವರು ಯಾರು ಅಂತ ಓದುವವನಿಗೆ ಗೊತ್ತಾಗುತ್ತಿತ್ತು.

ಒಂದು ಸಲ ಆ ಸಾಲು ಬಿಟ್ಟೆ. ಅಮ್ಮನಿಗೆ ಗೊತ್ತು, ನಿನಗೆ ಹೇಳಿಲ್ಲ.

2008ರ ವಿಧಾನಸಭೆ ಚುನಾವಣೆ. ನಿನಗಾಗ 4 ವರ್ಷ. ರಾತ್ರಿ ಹತ್ತರ ಮೇಲೆ ಶಟರ್ ಅರ್ಧ ಎಳೆದಿದ್ದೆ, ಒಬ್ಬ ಬಗ್ಗಿ ಒಳಗೆ ಬಂದ. ಕೈಯಲ್ಲಿ ಬರೆದ ಒಂದು ಹಾಳೆ. ಒಬ್ಬ ಅಭ್ಯರ್ಥಿಯ ಮನೆಯ ಹೆಣ್ಣುಮಕ್ಕಳ ಬಗ್ಗೆ ಕೊಳಕು ಮಾತು, ಕೆಳಗೆ "ಇಂತಿ, ನೊಂದ ನಾಗರಿಕರು". ಹೆಸರು ಬೇಡ, ಬಿಲ್ ಬೇಡ, ರೇಟು ಮೂರು ಪಟ್ಟು. ಮಿನಿ ಆಫ್‌ಸೆಟ್ ಮಷಿನ್‌ನ ಎರಡು ಕಂತು ಬಾಕಿ ಇತ್ತು. 5000 ಪ್ರತಿ ಹಾಕಿಕೊಟ್ಟೆ. ಹುಡುಗರನ್ನು ಮನೆಗೆ ಕಳಿಸಿ ನಾನೇ ಮಷಿನ್ ಓಡಿಸಿದೆ. ಮುಗಿದಾಗ ಬೆಳಗಿನ ಜಾವ ಮೂರು.

ಎರಡು ದಿನ ಬಿಟ್ಟು ಪೇಪರ್ ಬಿಡಿಸಿದರೆ ಅದೇ ಹಾಳೆ ಕೆಳಗೆ ಉದುರಿತು. ನಿಮ್ಮಜ್ಜಿ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದಳು. ತರಕಾರಿ ಗಾಡಿ ಹತ್ತಿರ ಹೋದಳು. ಅರ್ಧ ಗಂಟೆ ಬಿಟ್ಟು ಸೊಪ್ಪಿನ ಕಟ್ಟು ಹಿಡಿದು ಬಂದವಳೇ, "ಛೀ, ಎಂಥವನೋ ಅವನು! ಊರೆಲ್ಲಾ ಅದನ್ನೇ ಹೇಳ್ತಿದೆ" ಅಂದಳು. ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಉಗುರಿನ ಸಂದಿಯಲ್ಲಿ ಇನ್ನೂ ಆ ಇಂಕ್ ಇತ್ತು. ಅವಳು ಹೇಳಿದ ಊರಿನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಶಟರ್ ಕೆಳಗೆ ಬಗ್ಗಿ ಬಂದವನು. ಬಾಯಿ ಬಿಡಲಿಲ್ಲ. ಸಾಯುವವರೆಗೂ ಆ ಮನುಷ್ಯನ ಹೆಸರು ಕೇಳಿದರೆ ಅಜ್ಜಿ ಮೂಗು ಮುರಿಯುತ್ತಿದ್ದಳು.

ಎದುರು ಪಾರ್ಟಿಯವನೊಬ್ಬ ಬಂದು ಹೇಳಿದ್ದರೆ ಅಜ್ಜಿ ನಂಬುತ್ತಿರಲಿಲ್ಲ ಪುಟ್ಟಿ. ಅವಳೇನು ದಡ್ಡಿಯಲ್ಲ. ಊರೇ ಹೇಳಿದ್ದಕ್ಕೆ ನಂಬಿದಳು. ನಿಮ್ಮ ಆಫೀಸಿನವರು ಮಾರುತ್ತಿರುವುದು ಆ ಊರನ್ನೇ. ನೀನು ತೋರಿಸಿದ ಆ ಶೀಟ್ ನೆನಪಿದೆ. ಸಂಜೆ 6ಕ್ಕೆ ಎಲ್ಲರೂ ಒಟ್ಟಿಗೆ ಈ ಹ್ಯಾಶ್‌ಟ್ಯಾಗ್ ಹಾಕಬೇಕು, ಮಾತು ಸ್ವಲ್ಪ ಸ್ವಲ್ಪ ಬದಲಿಸಿಕೊಳ್ಳಬೇಕು, ಒಬ್ಬರಿಗೊಬ್ಬರು ಕಾಮೆಂಟ್ ಮಾಡಿಕೊಳ್ಳಬೇಕು. ಏಳು ಗಂಟೆಗೆ ಅದು ಟ್ರೆಂಡ್. ಎಂಟಕ್ಕೆ "ಜನ ರೊಚ್ಚಿಗೆದ್ದಿದ್ದಾರೆ" ಅಂತ ಟಿವಿಯವರು ಚರ್ಚೆಗೆ ಕೂರುತ್ತಾರೆ. ಮಾರನೇ ದಿನ ನಿಜವಾದ ಮಂಡ್ಯದ ನಿಜವಾದ ಮೇಷ್ಟ್ರು ಒಬ್ಬರು ಅದನ್ನು ನೋಡಿ, ಓ, ಎಲ್ಲರ ಅಭಿಪ್ರಾಯವೂ ಇದೇ ಅಂದುಕೊಳ್ಳುತ್ತಾರೆ.

ಈ ಕಸುಬು ಎಲ್ಲಿಯವರೆಗೆ ಹೋಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಪ್ರಸಂಗ ಹೇಳುತ್ತೇನೆ. 2016ರ ಮೇ 21, ಹ್ಯೂಸ್ಟನ್ ಊರು. ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಒಂದು ಗುಂಪು ಅದನ್ನು ವಿರೋಧಿಸಲು ಬಂತು, ರಸ್ತೆಯ ಆ ಬದಿಗೆ ಇನ್ನೊಂದು ಗುಂಪು ಅದರ ಪರವಾಗಿ. ಎರಡೂ ಕಡೆಯವರನ್ನು ಕರೆದದ್ದು ಬೇರೆಬೇರೆ ಫೇಸ್‌ಬುಕ್ ಪೇಜುಗಳು. ಆ ಎರಡೂ ಪೇಜುಗಳನ್ನು ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತ ಒಂದೇ ಸಂಸ್ಥೆ, ಇಂಟರ್ನೆಟ್ ರಿಸರ್ಚ್ ಏಜೆನ್ಸಿ. ರಸ್ತೆಯಲ್ಲಿ ನಿಂತು ಕಿರುಚಾಡಿದ ಜನ ಮಾತ್ರ ಅಸಲಿ. ಬೆಳಿಗ್ಗೆ ಒಬ್ಬರದು ಮಧ್ಯಾಹ್ನ ಇನ್ನೊಬ್ಬರದು ಹಾಕುತ್ತಿದ್ದ ನಾನೇ ಇದನ್ನು ಓದಿ ಸುಸ್ತಾದೆ.

ಅಷ್ಟು ದೂರ ಯಾಕೆ? ಕಾಟನ್‌ಪೇಟೆಯ ನಮ್ಮ ಪ್ರೆಸ್‌ನಿಂದ ಸಿಟಿ ರೈಲ್ವೆ ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರ. 2012ರ ಆಗಸ್ಟ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಸ್ಸಾಂ, ಮಣಿಪುರ ಕಡೆಯ ಹುಡುಗ ಹುಡುಗಿಯರು ಸಾವಿರಗಟ್ಟಲೆ, ತಲೆ ಮೇಲೆ ಟ್ರಂಕು, ಬಕೆಟ್ಟಿನಲ್ಲಿ ಪಾತ್ರೆ. ರಂಜಾನ್ ಮುಗಿಯುವಷ್ಟರಲ್ಲಿ ಊರು ಬಿಡಿ, ಇಲ್ಲದಿದ್ದರೆ ಉಳಿಯಲ್ಲ ಅಂತ ಎಸ್ಸೆಮ್ಮೆಸ್ ಹರಿದಾಡಿತ್ತು. ಬೇರೆಲ್ಲಿಯದೋ ಹಳೇ ಫೋಟೋಗಳನ್ನು ಅಸ್ಸಾಂ ಗಲಭೆಯವು ಅಂತ ಹಾಕಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಒಟ್ಟಿಗೆ 5ಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದಂತೆ ತಡೆ ಹಾಕಿತು. ಎದುರಿನ ಲಾಡ್ಜಿನಲ್ಲಿ ಕೆಲಸಕ್ಕಿದ್ದ ಅಸ್ಸಾಂ ಹುಡುಗ ನನ್ನ ಹತ್ತಿರ ಇನ್ನೂರು ರೂಪಾಯಿ ಇಸಕೊಂಡು ಹೋದ. "ಯಾರು ಹೇಳಿದ್ರೋ?" ಅಂದರೆ ಫೋನ್ ತೋರಿಸಿ "ಸಬ್ ಬೋಲ್ ರಹೇ ಹೈಂ" ಅಂದ. ಅಜ್ಜಿಯ ಮಾತೇ, ಹಿಂದಿಯಲ್ಲಿ.

2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಚಾಮರಾಜಪೇಟೆಯಲ್ಲಿ ಏನಾಯಿತು ಅಂತ ನಿನಗೆ ನೆನಪಿರಬೇಕು, ವಾರಗಟ್ಟಲೆ ನಿನ್ನನ್ನು ಒಬ್ಬಳೇ ಟ್ಯೂಷನ್‌ಗೆ ಕಳಿಸಲಿಲ್ಲ. ಮಕ್ಕಳ ಕಳ್ಳ ಅಂತ ಅನುಮಾನಪಟ್ಟು ರಾಜಸ್ಥಾನದಿಂದ ಬಂದಿದ್ದ ಹುಡುಗನನ್ನು ಹೊಡೆದು ಕೊಂದರು. ಆಗ ಎಲ್ಲರ ಫೋನಿನಲ್ಲೂ ಇದ್ದ ಒಂದು ವಿಡಿಯೋ ಅಸಲಿಗೆ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ್ದು. ಕೊನೆಯಲ್ಲಿ ಮಗುವನ್ನು ವಾಪಸ್ ಬಿಡುವ ಭಾಗ ಕತ್ತರಿಸಿದ್ದರು. ಫಾರ್ವರ್ಡ್ ಮಾಡುವುದನ್ನು ವಾಟ್ಸಾಪ್ 5 ಚಾಟ್‌ಗೆ ಇಳಿಸಿದ್ದು ಅದರ ಮುಂದಿನ ತಿಂಗಳುಗಳಲ್ಲೇ. ನಮ್ಮ ಫ್ಯಾಮಿಲಿ ಗ್ರೂಪಿಗೆ ಆ ವಿಡಿಯೋ ಯಾರು ಹಾಕಿದ್ದರು ಅಂತ ಹೇಳುವುದಿಲ್ಲ, ಚಿಕ್ಕಪ್ಪನಿಗೆ ಬೇಜಾರಾಗುತ್ತೆ.

ಕರಪತ್ರಕ್ಕೂ ಇದಕ್ಕೂ ಇನ್ನೊಂದು ವ್ಯತ್ಯಾಸ ಇದೆ. ನನ್ನ ಆ ಹೊಲಸು ಹಾಳೆಯನ್ನು ಬೀದಿಯವರೆಲ್ಲ ನೋಡಿದರು. ಆ ಅಭ್ಯರ್ಥಿಯೂ ನೋಡಿದ, ಮೈಕ್ ಹಿಡಿದು ಉತ್ತರ ಕೊಟ್ಟ. ಈಗ ನನ್ನ ಫೋನಿಗೆ ಒಂದು, ಪಕ್ಕದ ಮನೆಯವರಿಗೆ ಇನ್ನೊಂದು. ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಸುವವರ ಮಾಹಿತಿ ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಚುನಾವಣಾ ಪ್ರಚಾರದ ಕಂಪನಿಗೆ ಹೋದ ಗಲಾಟೆಯಲ್ಲಿ ಫೇಸ್‌ಬುಕ್ ತಾನೇ ಒಪ್ಪಿಕೊಂಡಿತಲ್ಲ, ನಮ್ಮ ದೇಶದಲ್ಲಿ ಆ ಆ್ಯಪ್ ಹಾಕಿಕೊಂಡವರು ಬರೀ 335 ಜನ, ಅವರ ಸ್ನೇಹಿತರ ಮೂಲಕ ಮಾಹಿತಿ ಸೋರಿರಬಹುದಾದವರು 5.62 ಲಕ್ಷ. ಯಾರಿಗೆ ಯಾವುದರ ಭಯ ಅಂತ ಗೊತ್ತಿದ್ದರೆ ಉತ್ತರ ಕೊಡುವವನ ಕಣ್ಣಿಗೆ ಬೀಳದ ಹಾಗೆ ಹಾಳೆ ಹಂಚಬಹುದು. ಅದರ ಮೇಲೆ ಸಿಟ್ಟಿಗೆ ರೇಟು ಬೇರೆ. ಯಾವ ಪೋಸ್ಟ್ ಜನರಿಗೆ ಹೆಚ್ಚು ತೋರಿಸಬೇಕು ಅನ್ನೋ ಲೆಕ್ಕದಲ್ಲಿ ಕೆಲವು ಕಾಲ ಫೇಸ್‌ಬುಕ್‌ನಲ್ಲಿ ಸಿಟ್ಟಿನ ಕೆಂಪು ಮುಖದ ಒಂದು ಎಮೋಜಿಗೆ 5 ಲೈಕಿನ ತೂಕ ಇತ್ತಂತೆ. ನಿನ್ನ ಮೇಷ್ಟ್ರಿಗೆ ಯಾವಾಗಲೂ ಸಿಟ್ಟು ಬರಬೇಕು ಅಂತ ಅವರು ಯಾಕೆ ಹೇಳಿದ್ದಾರೆ ಅಂತ ಈಗ ಗೊತ್ತಾಯಿತಾ?

ಕೆಲಸ ಬಿಡು ಅಂತ ನಾನು ಹೇಳುತ್ತಿಲ್ಲ. ಹೇಳುವ ಮುಖ ನನಗಿಲ್ಲ, ಎರಡು ಕಂತು ಕಟ್ಟಿದವನು ನಾನು. ಪಾರ್ಟಿಗೆ ಕೆಲಸ ಮಾಡುವುದು ತಪ್ಪು ಅಂತಲೂ ಅನ್ನಿಸುವುದಿಲ್ಲ. ನಿನಗೆ ಇಷ್ಟವಾದ ಪಾರ್ಟಿ ಇದ್ದರೆ ನಿನ್ನ ಹೆಸರಿನಲ್ಲೇ ಬರಿ, ಜಗಳ ಆಡು. ನಾನು ಮತ ಹಾಕದ ಪಾರ್ಟಿಯಾದರೂ ನಿನ್ನ ಪೋಸ್ಟರ್ ನಾನೇ ಹಾಕಿಕೊಡುತ್ತೇನೆ, ಪೇಪರ್ ಖರ್ಚು ಮಾತ್ರ ಕೊಡು. ನಿನ್ನ ಎಜುಕೇಷನ್ ಲೋನಿನ ಲೆಕ್ಕ ನನ್ನ ತಲೆಯಲ್ಲೂ ಇದೆ. ಸುಲ್ತಾನ್‌ಪೇಟೆಯ ಒಂದು ಅಂಗಡಿಯವರು ಮದುವೆ ಕಾರ್ಡ್ ಡಿಸೈನ್‌ಗೆ ಹುಡುಗಿ ಬೇಕು ಅಂತಿದ್ದಾರೆ. ಸಂಬಳ ನಿಮ್ಮವರು ಕೊಡುವುದರ ಅರ್ಧವೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಅಮ್ಮ ಉಪ್ಪಿಟ್ಟು ಮಾಡಿ ಮುಚ್ಚಿಟ್ಟಿದ್ದಾಳೆ, ತಿಂದೇ ಹೋಗು. ನಾನು ಸಂಜೆ ಬೇಗ ಬರುತ್ತೇನೆ. ಆ ಮೇಷ್ಟ್ರಿಗೆ ಏನು ಹೆಸರಿಟ್ಟಿದ್ದೀಯ ಅಂತ ಕೇಳುವುದೇ ಮರೆತೆ. ಬಂದಾಗ ಹೇಳು.

ನಿನ್ನ ಅಪ್ಪ