ಕುರ್ಚಿ ಹಾಕಿ, ಎಲ್ಲರಿಗೂ ಯೋಗ ಕಲಿಸಿ

ಮಾನ್ಯ ಸಂಪಾದಕರೇ,

ಜೂನ್ 21 ಹತ್ತಿರ ಬಂದಂತೆ ಮೈಸೂರು, ಮಂಡ್ಯದ ಮೈದಾನಗಳಲ್ಲಿ ಯೋಗ ದಿನದ ತಾಲೀಮು ಶುರುವಾಗುತ್ತದೆ. 2017ರಲ್ಲಿ ರೇಸ್‌ಕೋರ್ಸ್ ಮೈದಾನದಲ್ಲಿ, 2022ರಲ್ಲಿ ಅರಮನೆ ಆವರಣದಲ್ಲಿ ಸಾವಿರಾರು ಜನ ಒಟ್ಟಿಗೆ ಆಸನ ಹಾಕಿದ್ದನ್ನು ಊರೆಲ್ಲ ನೋಡಿದೆ. ಆದರೆ ಇಂಥ ಸಾಲುಗಳಲ್ಲಿ ಕಾಣುವವರು ಬಹುಮಟ್ಟಿಗೆ ನೆಲದ ಮೇಲೆ ಸಲೀಸಾಗಿ ಕೂತು ಏಳಬಲ್ಲವರು. ಮಂಡಿ ಸವೆದವರು, ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರು, ಗಾಲಿಕುರ್ಚಿಯಲ್ಲಿರುವವರು, ಮೈಭಾರ ಇರುವವರು, ಕಣ್ಣು ಕಾಣದವರು ಮನೆಯಲ್ಲೇ ಉಳಿಯುತ್ತಾರೆ. ಯೋಗದಿಂದ ಹೆಚ್ಚು ಉಪಯೋಗ ಆಗಬೇಕಾದವರು ಇವರೇ.

ಕುರ್ಚಿಯ ಮೇಲೆ ಮಾಡಿಸುವುದೆಂದರೆ ಅರ್ಧ ಯೋಗ ಎಂದು ಮೂಗು ಮುರಿಯುವ ಶಿಕ್ಷಕರು ಇನ್ನೂ ಇದ್ದಾರೆ. ಮೈಸೂರಿನಲ್ಲಂತೂ ಆ ಮಾತಿಗೆ ಜಾಗ ಇರಬಾರದು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ಸೊರಗಿಹೋಗಿದ್ದವರು. ಮುಂದೆ ಪುಣೆಯಲ್ಲಿ ಕುರ್ಚಿ, ಹಗ್ಗ, ಪಟ್ಟಿ, ಮರದ ಇಟ್ಟಿಗೆ, ದಿಂಬುಗಳನ್ನಿಟ್ಟು ಕಾಯಿಲೆಯವರಿಗೂ ಆಸನ ಹಾಕಿಸಿದರು. ಕೃಷ್ಣಮಾಚಾರ್ಯರೂ ಮದ್ರಾಸಿಗೆ ಹೋದ ಮೇಲೆ ಒಬ್ಬೊಬ್ಬರ ವಯಸ್ಸು, ದೇಹಸ್ಥಿತಿ ನೋಡಿ ಬೇರೆ ಬೇರೆ ಪಾಠ ಕೊಟ್ಟರು. ಇದೂ ಮೈಸೂರಿನ ಬೇರಿನಿಂದಲೇ ಬಂದ ವಿದ್ಯೆ.

ಯಾವ ಕುರ್ಚಿ ಎನ್ನುವುದರಿಂದಲೇ ಪಾಠ ಶುರುವಾಗಬೇಕು. ಕೈಗಳಿಲ್ಲದ, ನಾಲ್ಕು ಕಾಲಿನ, ಗಟ್ಟಿ ಕೂರುಮಣೆಯ ಕುರ್ಚಿ ಬೇಕು. ಮಡಚುವ ಕುರ್ಚಿಯ ಮುಂತುದಿಯಲ್ಲಿ ಭಾರ ಬಿದ್ದರೆ ಅದು ಮಗುಚಬಹುದು. ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿ ಗ್ರಾನೈಟ್ ನೆಲದ ಮೇಲೆ ಜಾರುತ್ತದೆ. ಅದೇ ಗತಿ ಎಂದಾದರೆ ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿ, ಅದರ ಕಾಲುಗಳ ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಲಂಬಕೋನದಲ್ಲಿ ಮಡಚಿರಬೇಕು. ಗಿಡ್ಡ ಇರುವವರ ಪಾದ ತೂಗಾಡುತ್ತದೆ. ಆಗ ತೊಡೆಯ ಹಿಂಭಾಗ ಕುರ್ಚಿಯ ಅಂಚಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ, ಬೆನ್ನೂ ಕುಸಿಯುತ್ತದೆ. ಪಾದದಡಿ ಮಡಚಿದ ಕಂಬಳಿಯನ್ನೋ ಎರಡು ಇಟ್ಟಿಗೆಯನ್ನೋ ಇಟ್ಟರೆ ಸಾಕು. ಗಾಲಿಕುರ್ಚಿಯವರಾದರೆ ಮೊದಲು ಬ್ರೇಕ್ ಹಾಕಿಸಿ. ಪಾದ ಇಡುವ ಪಟ್ಟಿಯ ಮೇಲೆ ಭಾರ ಬಿಟ್ಟು ಮುಂದೆ ಬಾಗಿದರೆ ಕುರ್ಚಿಯೇ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಪಟ್ಟಿ ಎತ್ತಿ, ಪಾದಗಳನ್ನು ನೆಲಕ್ಕೆ ಊರಿಸಿದ ಮೇಲೆಯೇ ಬಾಗಿಸಬೇಕು.

ಯೋಗ ದಿನದಂದು ಎಲ್ಲೆಡೆ ಮಾಡಿಸುವ ಸಾಮಾನ್ಯ ಕ್ರಮದಲ್ಲಿ, ನಿಂತು ಮುಂದೆ ಬಾಗಿ ಪಾದ ಮುಟ್ಟುವ ಪಾದಹಸ್ತಾಸನ ಇದೆ. ಬಿ.ಪಿ. ಹತೋಟಿಯಲ್ಲಿ ಇಲ್ಲದವರಿಗೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇರುವವರಿಗೆ ತಲೆ ಹೃದಯಕ್ಕಿಂತ ಕೆಳಗೆ ಇಳಿಯುವುದು ಬೇಡ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೊಸಿಸ್ ಇದ್ದವರು ಬೆನ್ನು ಗೂನು ಮಾಡಿ ಬಾಗಿದರೆ ಬೆನ್ನುಮೂಳೆಯ ಮುಂಭಾಗದ ಮೇಲೆ ಒತ್ತಡ ಬಿದ್ದು ಮೂಳೆ ಕುಸಿಯುವ ಅಪಾಯವಿದೆ. ಇವರೆಲ್ಲರಿಗೂ ಗೋಡೆಯ ಮುಂದೆ ನಿಂತು ಮಾಡುವ ಅರ್ಧ ಬಾಗು ಒಪ್ಪುತ್ತದೆ. ಸೊಂಟದ ಎತ್ತರಕ್ಕಿಂತ ತುಸು ಮೇಲೆ ಅಂಗೈಗಳನ್ನು ಗೋಡೆಗೆ ಊರಿ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬೆನ್ನನ್ನು ಸಮತಟ್ಟಾಗಿ ಚಾಚಿ. ಮಂಡಿಯನ್ನು ತುಸು ಮಡಚಿರಿ. ಕಿವಿ ತೋಳಿನ ಸಾಲಿಗೆ ಬರಲಿ, ತಲೆ ನೇತಾಡುವುದು ಬೇಡ. ಐದು ಉಸಿರು ಸಾಕು. ಏಳುವಾಗ ಮೊದಲು ಗೋಡೆಯ ಕಡೆಗೆ ನಡೆದು ಬಂದು, ಆಮೇಲೆ ನಿಧಾನವಾಗಿ ನೆಟ್ಟಗಾಗಬೇಕು. ಬಿ.ಪಿ. ಮಾತ್ರೆ ನುಂಗುವವರು ಸರಕ್ಕನೆ ಎದ್ದರೆ ತಲೆ ಸುತ್ತಿ ಬೀಳಬಹುದು.

ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಇನ್ನೊಂದು ಪಾದವನ್ನು ಮಂಡಿಯ ಪಕ್ಕಕ್ಕೆ ಒತ್ತುವುದು ಪದೇ ಪದೇ ಕಾಣುವ ತಪ್ಪು. ಮಂಡಿ ಪಕ್ಕಕ್ಕೆ ಬಾಗುವ ಕೀಲಲ್ಲ. ಹಿಮ್ಮಡಿಯನ್ನು ಇನ್ನೊಂದು ಕಾಲಿನ ಕಣಕಾಲಿಗೆ ಆನಿಸಿ, ಬೆರಳತುದಿ ನೆಲದಲ್ಲೇ ಇಟ್ಟು, ಒಂದು ಕೈ ಗೋಡೆಗೆ ಕೊಟ್ಟರೆ ಎಪ್ಪತ್ತರ ಅಜ್ಜಿಯೂ ಮಾಡಬಹುದು. ಮಂಡಿ ಮಡಚಿ ಹಿಮ್ಮಡಿಗಳ ಮೇಲೆ ಕೂರುವ ವಜ್ರಾಸನ ಮಂಡಿ ಕೀಲು ಬದಲಿಸಿಕೊಂಡವರಿಗೆ ಬೇಡವೇ ಬೇಡ.

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕಲಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಭತ್ತದ ನಾಟಿ, ಕಳೆ, ಕಬ್ಬಿನ ಗದ್ದೆಯ ಕೆಲಸ ಎಂದು ದಿನವಿಡೀ ಬಗ್ಗಿಯೇ ಇರುವ ಹೆಣ್ಣುಮಕ್ಕಳಿಗೆ ಮತ್ತೆ ಮುಂದೆ ಬಾಗಿಸುವ ಆಸನಗಳನ್ನೇ ಹೇಳಿಕೊಡುವುದರಲ್ಲಿ ಅರ್ಥವಿಲ್ಲ. ಅವರ ಸೊಂಟಕ್ಕೆ ಬೇಕಾದದ್ದು ವಿಶ್ರಾಂತಿ, ಆಮೇಲೆ ಹಿಂಬದಿಯ ಸ್ನಾಯುಗಳಿಗೆ ಬಲ. ಜಮಖಾನದ ಮೇಲೆ ಅಂಗಾತ ಮಲಗಿಸಿ ಮೀನಖಂಡಗಳನ್ನು ಕುರ್ಚಿಯ ಮೇಲೆ ಇರಿಸಿ. ಎಂಟು ಹತ್ತು ನಿಮಿಷದಲ್ಲಿ ಕೆಳಬೆನ್ನು ನೆಲಕ್ಕೆ ಒರಗಿ ಸಡಿಲವಾಗುತ್ತದೆ. ಬಳಿಕ ಕಾಲು ಇಳಿಸಿ, ಮಂಡಿ ಮಡಚಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಟ್ಟು ಸೇತುಬಂಧಾಸನ: ಉಸಿರು ಎಳೆದುಕೊಳ್ಳುತ್ತಾ ಸೊಂಟ ಎತ್ತಿ, ಬಿಡುತ್ತಾ ಇಳಿಸಿ, ಆರು ಸಲ. ಆಮೇಲೆ ಬೋರಲು ಮಲಗಿ, ಹಣೆಯನ್ನು ಕೈಗಳ ಮೇಲಿಟ್ಟು, ಒಂದೊಂದೇ ಕಾಲನ್ನು ನಾಲ್ಕು ಬೆರಳಷ್ಟು ಎತ್ತುವ ಶಲಭಾಸನ. ಕಾಲನ್ನು ಇನ್ನೂ ಮೇಲೆತ್ತಲು ಹೋದರೆ ಸೊಂಟ ತಿರುಚುತ್ತದೆ. ನೋವು ಪೃಷ್ಠದಿಂದ ಮೀನಖಂಡದವರೆಗೆ ಇಳಿಯುತ್ತಿದ್ದರೆ, ಪಾದ ಮರಗಟ್ಟುತ್ತಿದ್ದರೆ ಆಸನ ನಿಲ್ಲಿಸಿ ವೈದ್ಯರ ಬಳಿಗೆ ಕಳಿಸಬೇಕು. ಇವಿಷ್ಟನ್ನೂ ಸೀರೆ ಉಟ್ಟೇ ಮಾಡಬಹುದು. ನೆರಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡರೆ ಆಯಿತು. ಮ್ಯಾಟ್, ಟ್ರ್ಯಾಕ್ ಪ್ಯಾಂಟ್ ಕಡ್ಡಾಯ ಮಾಡಿದರೆ ಬರುವವರೂ ಬರುವುದಿಲ್ಲ. ನಿಂತು ಮಾಡುವ ಆಸನಗಳಿಗೆ ಮಾತ್ರ ಜಮಖಾನ ಬಿಟ್ಟು ಬರಿಗಾಲಲ್ಲಿ ನೆಲದ ಮೇಲೆ ನಿಲ್ಲಿಸಿ.

ಸಮಯವೂ ಅಡ್ಡಿಯೇ. ಬೆಳಗಿನ ಆರು ಗಂಟೆ ಹಾಲು ಕರೆದು ಡೈರಿಗೆ ಹಾಕುವ, ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತು. ಹನ್ನೊಂದಕ್ಕೋ ನಾಲ್ಕಕ್ಕೋ ತರಗತಿ ಇಟ್ಟರೆ ಯೋಗಕ್ಕೇನೂ ಅಪಚಾರವಿಲ್ಲ. ಹಗುರ ತಿಂಡಿಯಾದರೆ ಎರಡು ಗಂಟೆ, ಮುದ್ದೆ ಊಟವಾದರೆ ಮೂರು ನಾಲ್ಕು ಗಂಟೆ ಬಿಡುವು ಕೊಟ್ಟರೆ ಸಾಕು.

ಖಾಲಿ ಹೊಟ್ಟೆಯಲ್ಲೇ ಬನ್ನಿ ಎನ್ನುವ ಸೂಚನೆಯನ್ನು ಕಣ್ಣುಮುಚ್ಚಿ ಎಲ್ಲರಿಗೂ ಹೇಳಬಾರದು. ಇನ್ಸುಲಿನ್ ತೆಗೆದುಕೊಳ್ಳುವ, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವ ಮಧುಮೇಹಿಗಳಿಗೆ ಅದು ಅಪಾಯ. ಅವರು ಏನಾದರೂ ಸ್ವಲ್ಪ ತಿಂದು ಬರಲಿ. ಮೈ ನಡುಗಿ ಬೆವರಿದರೆ ಕೊಡಲು ಸಕ್ಕರೆಯೋ ಗ್ಲುಕೋಸ್ ಪುಡಿಯೋ ಶಿಕ್ಷಕರ ಕೈಯಳತೆಯಲ್ಲಿ ಇರಬೇಕು. ಹಾಗೆಯೇ ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕಗಳನ್ನು ಮೈಕಿನಲ್ಲಿ ಎಲ್ಲರಿಗೂ ಒಟ್ಟಿಗೆ ಮಾಡಿಸುವುದು ನಿಲ್ಲಬೇಕು. ಬಿ.ಪಿ. ಹೆಚ್ಚಿರುವವರು, ಹೃದ್ರೋಗಿಗಳು, ಹರ್ನಿಯಾ ಅಥವಾ ಮೂರ್ಛೆರೋಗ ಇರುವವರು, ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಇನ್ನೂ ಮಾಗದವರು ಇವುಗಳಿಂದ ದೂರ ಇರಬೇಕು. ನಾಲ್ಕು ಎಣಿಸಿ ಉಸಿರು ಎಳೆದು, ಆರು ಎಣಿಸಿ ಬಿಡುವ ಸರಳ ಅಭ್ಯಾಸವನ್ನು ಐದು ನಿಮಿಷ ಕೊಡಿ. ಆರು ಎಣಿಸುವಾಗ ಉಸಿರು ಸಾಲದೆ ಹೋದರೆ ಐದಕ್ಕೆ ಇಳಿಸಿ.

ಕಣ್ಣು ಕಾಣದವರಿಗೆ 'ಹೀಗೆ ಮಾಡಿ, ನನ್ನನ್ನು ನೋಡಿ' ಎಂದರೆ ಏನು ಪ್ರಯೋಜನ? 'ಬಲಗೈಯನ್ನು ಕಿವಿಯ ಪಕ್ಕ ಮೇಲೆತ್ತಿ, ಅಂಗೈ ಎಡಕ್ಕೆ ತಿರುಗಲಿ' ಎಂದು ಅಂಗ, ದಿಕ್ಕು, ಅಳತೆ ಹೇಳಬೇಕು. ಮ್ಯಾಟಿನ ನಡುವೆ ಅಡಿಯಲ್ಲಿ ಒಂದು ತೆಳು ಹಗ್ಗ ಎಳೆದರೆ ಪಾದಕ್ಕೆ ದಿಕ್ಕು ಸಿಗುತ್ತದೆ. ಮುಟ್ಟಿ ತಿದ್ದುವ ಮುನ್ನ ಕೇಳಿಯೇ ಮುಟ್ಟಬೇಕು. ಈ ಮಾತು ಎಲ್ಲ ಕಲಿಯುವವರಿಗೂ ಸಲ್ಲುತ್ತದೆ. ಕಿವುಡರಾದರೆ ಶಿಕ್ಷಕರ ಮುಖದ ಮೇಲೆ ಬೆಳಕಿರಲಿ, ಕಣ್ಣು ಮುಚ್ಚಿಸಿದ ಮೇಲೆ ಹೊಸ ಸೂಚನೆ ಬೇಡ, ಶವಾಸನ ಮುಗಿಯಿತೆಂದು ತಿಳಿಸಲು ದೀಪ ಹಾಕುವುದೋ ಪಾದ ಮುಟ್ಟುವುದೋ ಎಂದು ಮೊದಲೇ ಮಾತಾಡಿಕೊಳ್ಳಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರಿನಲ್ಲಿ ಸನ್ನೆ ಭಾಷೆ ಬಲ್ಲವರೊಬ್ಬರನ್ನು ವೇದಿಕೆಗೆ ಕರೆಸುವುದು ಕಷ್ಟದ ಕೆಲಸವಲ್ಲ.

ಎರಡೂ ಜಿಲ್ಲಾಡಳಿತಗಳಲ್ಲಿ, ಆಯುಷ್ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟು. ಈ ಬಾರಿ ವೇದಿಕೆಯ ಮೇಲೆ ಪ್ರದರ್ಶಿಸುವವರಲ್ಲಿ ಅರ್ಧದಷ್ಟು ಜನ ಕುರ್ಚಿಯಲ್ಲಿ ಕೂತು ಮಾಡಲಿ. ಕುರ್ಚಿ ಸಾಲುಗಳು ಮೈದಾನದ ಕೊನೆಯಲ್ಲಿ ಬೇಡ, ವೇದಿಕೆಯ ಎದುರಿಗೇ ಇರಲಿ. ಗಾಲಿಕುರ್ಚಿ ಬರುವ ದಾರಿಯಲ್ಲಿ ಮೆಟ್ಟಿಲಿದ್ದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಹಾಕಿಸಿ. ಅದಕ್ಕಿಂತ ಕಡಿದಾದರೆ ಒಬ್ಬರೇ ತಳ್ಳಿಕೊಂಡು ಹತ್ತುವುದು ಕಷ್ಟ. ಯೋಗ ದಿನ ಕಳೆದ ಮೇಲೆ ಸರ್ಕಾರಿ ಆರೋಗ್ಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳ ಯೋಗ ತರಬೇತುದಾರರಿಗೆ ಕುರ್ಚಿ, ಗೋಡೆ ಬಳಸಿ ಕಲಿಸುವ ತರಬೇತಿ ಕೊಡಿ. ಹೆಸರು ನೋಂದಾಯಿಸುವಾಗಲೇ ಬಿ.ಪಿ., ಸಕ್ಕರೆ, ಕಣ್ಣು, ಮೂಳೆ, ಶಸ್ತ್ರಚಿಕಿತ್ಸೆ, ಗರ್ಭ ಇವುಗಳ ಬಗ್ಗೆ ಕೇಳುವ ಪದ್ಧತಿ ಬರಲಿ. ನಾಲ್ಕು ಜನರ ಮುಂದೆ ಬೇಡ, ಚೀಟಿಯಲ್ಲಿ ಬರೆಸಿಕೊಳ್ಳಿ.

ತಮ್ಮಲ್ಲೂ ಒಂದು ವಿನಂತಿ. ಜೂನ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬರುವ ಆಸನದ ಚಿತ್ರಗಳ ಪಕ್ಕದಲ್ಲಿ ಅದೇ ಆಸನವನ್ನು ಕುರ್ಚಿಯ ಮೇಲೆ ಮಾಡುವ ಚಿತ್ರವನ್ನೂ, ಯಾರು ಮಾಡಬಾರದು ಎಂಬ ಒಂದು ಸಾಲನ್ನೂ ಮುದ್ರಿಸಿ.

– ಇಬ್ಬರು ಯೋಗ ಶಿಕ್ಷಕರು, ಮೈಸೂರು ಮತ್ತು ಮಂಡ್ಯ